ನರ್ಸಿಂಗ್ ಓದುವವರಿಗೆ ಬಂದಿರುವ ಔಷಧಿ ಕಾರ್ಡುಗಳು: ಕೊಳ್ಳಬಹುದಾ?

ಕೊಳ್ಳಬಹುದು. ಆದರೆ ಪೆಟ್ಟಿಗೆ ಮನೆಗೆ ತಂದ ದಿನವೇ ಒಂದು ಕಾರ್ಡನ್ನು ಪೆನ್ನು ಹಿಡಿದು ತಿದ್ದಬೇಕು, ಇನ್ನು ಕೆಲವಕ್ಕೆ ಕೈಯಲ್ಲಿ ನಾಲ್ಕು ಸಾಲು ಸೇರಿಸಬೇಕು. ಯಾವ ಕಾರ್ಡು, ಯಾವ ಸಾಲು ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಕಾಸರಗೋಡಿನ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಅಕ್ಕನ ಮಗಳು ಬದಿಯಡ್ಕದ ಕಡೆ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ಲಸ್ ಟು ಮುಗಿಸಿ ಈಗ ಮಂಗಳೂರಿನಲ್ಲಿ ಬಿ.ಎಸ್ಸಿ ನರ್ಸಿಂಗ್ ಮಾಡುತ್ತಿದ್ದಾಳೆ. ತಲಪಾಡಿ ಗಡಿ ದಾಟಿ ದಿನಾ ಹೋಗಿಬರುವ ಇಂಥ ಮಕ್ಕಳು ನಮ್ಮ ಕಡೆ ಎಷ್ಟೋ ಮಂದಿ ಇದ್ದಾರೆ. ಓದಿನಲ್ಲಿ ಜಾಣರೇ, ಆದರೆ ಫಾರ್ಮಕಾಲಜಿ (ಔಷಧಿಗಳ ಶಾಸ್ತ್ರ) ಪುಸ್ತಕ ತೆರೆದರೆ ಮುಖ ಬಾಡುತ್ತದೆ. ಈಗಿನ ಸೆಮಿಸ್ಟರ್ ಪದ್ಧತಿಯಲ್ಲಿ ಆ ವಿಷಯ ಮೂರನೇ ಮತ್ತು ನಾಲ್ಕನೇ ಸೆಮಿಸ್ಟರಿಗೆ ಹಂಚಿಹೋಗಿದೆ, ಅದೇ ಹೊತ್ತಿಗೆ ವಾರ್ಡ್ ಪೋಸ್ಟಿಂಗೂ ಇರುತ್ತದೆ. ಬೆಳಿಗ್ಗೆ ರೋಗಿಯ ಮುಂದೆ ಮಾತ್ರೆಯ ಟ್ರೇ ಹಿಡಿದು ನಿಲ್ಲಬೇಕು, ರಾತ್ರಿ ಅದೇ ಮಾತ್ರೆಯ ಅಡ್ಡ ಪರಿಣಾಮಗಳ ಪಟ್ಟಿ ಬಾಯಿಪಾಠ ಮಾಡಬೇಕು. ಈ ಎರಡಕ್ಕೂ ಸಂಬಂಧ ಇದೆ ಅಂತ ಮಕ್ಕಳಿಗೆ ಅನಿಸುವುದೇ ಇಲ್ಲ. ಅವಳಿಗೆ ಅಂತ ಈ ಕಾರ್ಡು ತರಿಸಿದೆ, ಅವಳಿಗಿಂತ ಮೊದಲು ನಾನೇ ಪೂರ್ತಿ ಓದಿದೆ.

ಪೆಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚು ಕಾರ್ಡುಗಳಿವೆ. ಇಸ್ಪೀಟ್ ಎಲೆಗಿಂತ ಸ್ವಲ್ಪ ದೊಡ್ಡದು, ಯೂನಿಫಾರ್ಮಿನ ಜೇಬಿಗೆ ಸರಿಯಾಗಿ ಹಿಡಿಯುತ್ತದೆ. ಒಂದು ಮೂಲೆಯಲ್ಲಿ ತೂತು, ಪೋಣಿಸಲು ಒಂದು ರಿಂಗು. ಮುಂದಿನ ಬದಿ ಇಂಗ್ಲಿಷ್, ಹಿಂದಿನ ಬದಿ ಕನ್ನಡ. ಬೆಲೆ ನಾನ್ನೂರು ರೂಪಾಯಿಯ ಆಸುಪಾಸು. ಕಾಗದ ಗಟ್ಟಿ ಇದೆ, ಸ್ಯಾನಿಟೈಸರ್ ತಾಗಿದರೂ ಅಕ್ಷರ ಹೋಗಲಿಲ್ಲ. ರಿಂಗು ಮಾತ್ರ ಕಳಪೆ, ಬೇಗ ಬಾಯಿ ಬಿಟ್ಟಿತು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬೇರೆ ರಿಂಗು ಹಾಕಿಕೊಳ್ಳಿ.

ಮುಂದಿನ ಬದಿಯ ಬಗ್ಗೆ ಹೇಳುವುದಕ್ಕೆ ಜಾಸ್ತಿ ಏನೂ ಇಲ್ಲ. ಔಷಧಿಯ ಹೆಸರು, ಗುಂಪು, ಡೋಸು, ಕೊಡುವ ದಾರಿ, ಅಡ್ಡ ಪರಿಣಾಮಗಳ ಉದ್ದ ಪಟ್ಟಿ. ಯಾವ ಗೈಡ್ ತೆಗೆದರೂ ಇದು ಸಿಗುತ್ತದೆ.

ಹಿಂದಿನ ಬದಿಗೇ ದುಡ್ಡು ಕೊಡಬೇಕು. ಅಲ್ಲಿ ಅಡ್ಡ ಪರಿಣಾಮಗಳನ್ನು ಮೂರು ಬಣ್ಣದ ಪಟ್ಟಿಗಳಲ್ಲಿ ಹಾಕಿದ್ದಾರೆ. ಹಸಿರು ಪಟ್ಟಿಯಲ್ಲಿ ರೋಗಿಗೆ ಮೊದಲೇ ಹೇಳಬೇಕಾದದ್ದು. ಹಳದಿಯಲ್ಲಿ ನಾವು ದಿನಾ ನೋಡುತ್ತಿರಬೇಕಾದದ್ದು. ಕೆಂಪಿನಲ್ಲಿ ಕಂಡ ಕೂಡಲೇ ಔಷಧಿ ತಡೆದು ಡಾಕ್ಟರನ್ನು ಕರೆಯಬೇಕಾದದ್ದು. ಇಷ್ಟೇ. ಆದರೆ ಇಷ್ಟನ್ನು ಮಾಡಿದವರು ವಾರ್ಡಿನಲ್ಲಿ ಕೆಲಸ ಮಾಡಿದವರೇ ಇರಬೇಕು. ಯಾಕೆಂದರೆ ಪುಸ್ತಕದಲ್ಲಿ ಎಲ್ಲ ಔಷಧಿಗೂ ವಾಕರಿಕೆ, ವಾಂತಿ, ತಲೆನೋವು, ತಲೆಸುತ್ತು ಅಂತಲೇ ಶುರುವಾಗುತ್ತದೆ. ಪರೀಕ್ಷೆಯಲ್ಲಿ ಏನೂ ನೆನಪಾಗದಿದ್ದರೆ ಆ ನಾಲ್ಕು ಬರೆದು ಎರಡು ಮಾರ್ಕು ತೆಗೆಯುವ ಮಕ್ಕಳಿದ್ದಾರೆ. ವಾರ್ಡಿನಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಬೇಕಾಗಿರುವುದು ಯಾವುದಕ್ಕೆ ಧೈರ್ಯ ಹೇಳಬೇಕು, ಯಾವುದಕ್ಕೆ ಓಡಬೇಕು ಅನ್ನುವ ವಿವೇಕ.

ರಿಫಾಂಪಿಸಿನ್ ಕಾರ್ಡು ನೋಡಿ. ಕ್ಷಯರೋಗದ ಔಷಧಿ. ಹಸಿರು ಪಟ್ಟಿಯ ಮೊದಲ ಸಾಲೇ ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಕೆಂಪು ಬಣ್ಣಕ್ಕೆ ತಿರುಗುತ್ತದೆ, ಅಪಾಯವಿಲ್ಲ, ಮೊದಲ ಡೋಸಿಗೆ ಮುಂಚೆಯೇ ಹೇಳಿ ಅಂತ ಇದೆ. ಇದನ್ನು ಹೇಳದೇ ಮಾತ್ರೆ ಕೊಟ್ಟು ಕಳಿಸಿದರೆ ಏನಾಗುತ್ತದೆ ಅಂತ ನಮಗೆ ಗೊತ್ತು. "ಸಿಸ್ಟರೇ, ಮೂತ್ರದಲ್ಲಿ ರಕ್ತ ಹೋಗ್ತಾ ಉಂಟು" ಅಂತ ಹೆದರಿ ಬರುತ್ತಾರೆ. ಬಂದವರು ಪುಣ್ಯವಂತರು. ಬಾರದೇ ಮನೆಯಲ್ಲೇ ಮಾತ್ರೆ ನಿಲ್ಲಿಸಿದವರ ಕಾಯಿಲೆ ಔಷಧಿಗೆ ಬಗ್ಗದ ಹಾಗೆ ಬೆಳೆಯಬಹುದು. ಗರ್ಭನಿರೋಧಕ ಮಾತ್ರೆಯ ಕೆಲಸವನ್ನು ರಿಫಾಂಪಿಸಿನ್ ಕುಗ್ಗಿಸುತ್ತದೆ ಅನ್ನುವುದೂ ಹಸಿರಿನಲ್ಲೇ ಇದೆ, ಅದನ್ನು ಮರೆಯುವವರೇ ಹೆಚ್ಚು. ಜೊತೆಯ ಔಷಧಿಗಳನ್ನೂ ಚೆನ್ನಾಗಿ ಮಾಡಿದ್ದಾರೆ. ಐಸೋನಿಯಾಜಿಡ್‌ಗೆ ಕೈಕಾಲು ಜೋಮು, ಅದಕ್ಕೆ ಪಿರಿಡಾಕ್ಸಿನ್ (ವಿಟಮಿನ್ ಬಿ6). ಎಥಾಂಬ್ಯುಟಾಲ್‌ಗೆ ಕಣ್ಣು, ಅದರಲ್ಲೂ ಕೆಂಪು ಹಸಿರು ಬಣ್ಣ ಗುರುತಿಸಲು ಕಷ್ಟವಾಗುವುದು. ಪಿರಜಿನಮೈಡ್‌ಗೆ ಯೂರಿಕ್ ಆಮ್ಲ ಏರಿ ಕೀಲು ನೋವು. ಎಥಾಂಬ್ಯುಟಾಲ್ ಬಿಟ್ಟು ಉಳಿದ ಮೂರಕ್ಕೂ ಕೆಂಪು ಪಟ್ಟಿಯಲ್ಲಿ ಲಿವರ್: ಕಣ್ಣು ಹಳದಿ, ಊಟ ಸೇರದಿರುವುದು, ನಿಲ್ಲದ ವಾಂತಿ. ಈ ನಾಲ್ಕು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಆ ಪಾಠ ಮತ್ತೆ ಬಾಯಿಪಾಠ ಮಾಡಬೇಕಾಗಿಲ್ಲ.

ಬಿ.ಪಿ ಮಾತ್ರೆಗಳ ಕಾರ್ಡೂ ಒಳ್ಳೆಯದಿದೆ. ಅಮ್ಲೋಡಿಪಿನ್ ತೆಗೆದುಕೊಳ್ಳುವವರಿಗೆ ಪಾದ, ಹರಡಿನ ಸುತ್ತ ಬಾವು ಬರುತ್ತದೆ, ಸಂಜೆ ಹೊತ್ತಿಗೆ ಜಾಸ್ತಿ, ಡೋಸು ಹೆಚ್ಚಿದಂತೆ ಜಾಸ್ತಿ. ಇದು ರಕ್ತನಾಳ ಹಿಗ್ಗುವುದರಿಂದ ಬರುವ ಬಾವು, ಹಾಗಾಗಿ ಮೂತ್ರ ಹೋಗುವ ಮಾತ್ರೆ ಕೊಟ್ಟರೂ ಅಷ್ಟಾಗಿ ಇಳಿಯುವುದಿಲ್ಲ ಅಂತ ಕಾರಣ ಸಮೇತ ಬರೆದಿದ್ದಾರೆ. ಕಾರಣ ಗೊತ್ತಿದ್ದರೆ ಮರೆಯುವುದಿಲ್ಲ ಅಲ್ವಾ? ನಾನು ಅವಳ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿದೆ: ಎರಡೂ ಕಾಲು ನೋಡು. ಬೆರಳಿನಿಂದ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಒತ್ತಿ ಹಿಡಿ, ಬಿಟ್ಟಾಗ ಗುಳಿ ಉಳಿಯುತ್ತದಾ ನೋಡು. ಒಂದೇ ಕಾಲು ಬಾತು ನೋವಿದ್ದರೆ ಅದನ್ನು ಮಾತ್ರೆಯ ತಲೆಗೆ ಕಟ್ಟಬೇಡ, ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಹೇಳು. ರಾಮಿಪ್ರಿಲ್, ಎನಲಪ್ರಿಲ್ ಕಾರ್ಡಿನಲ್ಲಿ ಒಣ ಕೆಮ್ಮು ಹಳದಿಯಲ್ಲಿದೆ, ತುಟಿ ನಾಲಿಗೆ ಬಾತುಕೊಳ್ಳುವುದು ಕೆಂಪಿನಲ್ಲಿದೆ, ಗರ್ಭಿಣಿಗೆ ಬೇಡ ಅನ್ನುವುದೂ ಕೆಂಪಿನಲ್ಲಿದೆ. ಸರಿಯಾಗಿದೆ. ಕೆಮ್ಮಿಗೆ ಅಂತ ಸಿರಪ್ ಮೇಲೆ ಸಿರಪ್ ಕುಡಿದು, ಕೊನೆಗೆ ಮಾತ್ರೆ ಬದಲಿಸಿದ ಮೇಲೆ ಸರಿಹೋದ ಎಷ್ಟು ಅಜ್ಜಂದಿರನ್ನು ನೋಡಿದ್ದೇನೆ.

ಪ್ಯಾರಾಸಿಟಮಾಲ್ ಕಾರ್ಡನ್ನು ಎಲ್ಲರೂ ಓದದೇ ಪಕ್ಕಕ್ಕಿಡುತ್ತಾರೆ, ಅದು ಗೊತ್ತಿರುವುದೇ ಅಂತ. ದಯವಿಟ್ಟು ಓದಿ. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು, ತೂಕ ಕಡಿಮೆ ಇರುವವರಿಗೆ, ಲಿವರ್ ಕೆಟ್ಟವರಿಗೆ, ಕುಡಿಯುವ ಅಭ್ಯಾಸ ಇರುವವರಿಗೆ ಅದಕ್ಕೂ ಕಡಿಮೆ. 650ರ ಮಾತ್ರೆ ಆರು ನುಂಗಿದರೆ 3.9 ಗ್ರಾಂ, ಅಂದರೆ ಮಿತಿಯ ಅಂಚು. ಅದರ ಜೊತೆ ಶೀತಕ್ಕೆ ಅಂತ ಮೆಡಿಕಲ್ ಶಾಪಿನಿಂದ ತಂದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಗಂಟುನೋವಿನ ಮಾತ್ರೆಯಲ್ಲೂ ಇರಬಹುದು. ಜಾಸ್ತಿಯಾದರೆ ಮೊದಲ ದಿನ ವಾಂತಿ ಬಿಟ್ಟರೆ ಹೆಚ್ಚೇನೂ ಕಾಣದೇ ಇರಬಹುದು, ಲಿವರ್ ಕೆಡುವುದು ಆಮೇಲೆ ತಿಳಿಯುತ್ತದೆ. ಅಷ್ಟು ಹೊತ್ತು ಕಾಯದೇ ಅದರ ಪ್ರತಿವಿಷ ಎನ್-ಅಸಿಟೈಲ್‌ಸಿಸ್ಟೀನ್ ಶುರು ಮಾಡಬೇಕಾಗುತ್ತದೆ. ಕಾರ್ಡಿನಲ್ಲಿ ಇದೆಲ್ಲ ಇದೆ. ನೋವು, ಜ್ವರಕ್ಕೆ ಕೊಡುವ ನಿಮೆಸುಲೈಡ್ ಕಾರ್ಡಿನಲ್ಲೂ 12 ವರ್ಷದೊಳಗಿನ ಮಕ್ಕಳಿಗೆ ಕೊಡುವಂತಿಲ್ಲ, 2011ರಿಂದ ನಮ್ಮ ದೇಶದಲ್ಲಿ ನಿಷೇಧ ಇದೆ ಅಂತ ಸ್ಪಷ್ಟವಾಗಿ ಹಾಕಿದ್ದಾರೆ.

ಇನ್ನು ತಪ್ಪುಗಳಿಗೆ ಬರುತ್ತೇನೆ. ಒಂದು ತಪ್ಪು ಸಣ್ಣದಲ್ಲ.

ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಕಾರ್ಡು. ಇಂಗ್ಲಿಷ್ ಬದಿಯಲ್ಲಿ ಸರಿಯಾಗಿದೆ: ಕೊಡುವ ಮೊದಲು ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು, ದೊಡ್ಡವರಿಗೆ 60ಕ್ಕಿಂತ ಕಡಿಮೆ ಇದ್ದರೆ ತಡೆದು ಡಾಕ್ಟರಿಗೆ ಹೇಳಬೇಕು. ಕನ್ನಡ ಬದಿಯಲ್ಲಿ 60ಕ್ಕಿಂತ ಹೆಚ್ಚಿದ್ದರೆ ತಡೆಯಬೇಕು ಅಂತ ಅಚ್ಚಾಗಿದೆ. ತಲೆಕೆಳಗು. ಮೊದಲ ಬಾರಿ ಓದಿದಾಗ ನನ್ನ ಕೈ ನಡುಗಿತು, ಸುಳ್ಳಲ್ಲ. ಡಿಗಾಕ್ಸಿನ್ ಅಂದರೆ ಕೆಲಸ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಸ್ವಲ್ಪವೇ ಜಾಗ ಇರುವ ಔಷಧಿ. ಬಡಿತ ಕುಗ್ಗಿದವರಿಗೆ ಇನ್ನೊಂದು ಮಾತ್ರೆ ಕೊಟ್ಟರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಡು ತಯಾರಿಸಿದವರಿಗೆ ಫೋಟೋ ಸಮೇತ ಬರೆದೆ. ಅಚ್ಚಿನ ತಪ್ಪು, ಮುಂದಿನ ಮುದ್ರಣದಲ್ಲಿ ಸರಿ ಮಾಡುತ್ತೇವೆ ಅಂತ ಉತ್ತರ ಬಂತು. ಬೇಗ ಉತ್ತರ ಕೊಟ್ಟದ್ದು ಸಂತೋಷ. ಆದರೆ ಈಗಾಗಲೇ ಮಾರಿದ ಪೆಟ್ಟಿಗೆಗಳ ಗತಿ ಏನು? ಆ ಒಂದು ಕಾರ್ಡನ್ನು ಹೊಸದಾಗಿ ಅಚ್ಚು ಹಾಕಿ ಅಂಗಡಿಗೆ ಕಳಿಸುವುದು ದೊಡ್ಡ ಖರ್ಚಲ್ಲ, ಅದನ್ನು ಮಾಡಲೇಬೇಕು ಅಂತ ಮತ್ತೆ ಬರೆದಿದ್ದೇನೆ. ಅದೇ ಕಾರ್ಡಿನ ಉಳಿದ ಭಾಗ ಚೆನ್ನಾಗಿದೆ: ಊಟ ಬೇಡ ಅನ್ನುವುದು, ವಾಕರಿಕೆ, ದೀಪದ ಸುತ್ತ ಹಳದಿ ಹಸಿರು ಬಳೆ ಕಾಣುವುದು, ಇವು ವಿಷವೇರುತ್ತಿರುವ ಗುರುತು. ಪೊಟ್ಯಾಸಿಯಂ ಇಳಿದಿದ್ದರೆ ವಿಷ ಬೇಗ ಏರುತ್ತದೆ, ಆದ್ದರಿಂದ ಮೂತ್ರದಲ್ಲಿ ಪೊಟ್ಯಾಸಿಯಂ ಕಳೆಯುವ ಫ್ಯೂರೋಸಮೈಡ್ ಜೊತೆಗಿದ್ದರೆ ಎರಡು ಕಣ್ಣು ಸಾಲದು.

ಮೆಟಾಕ್ಲೋಪ್ರಮೈಡ್ ಕಾರ್ಡಿನಲ್ಲಿ ತಪ್ಪು ಅನ್ನುವಂಥದ್ದು ಇಲ್ಲ, ಆದರೆ ಇದ್ದೂ ಪ್ರಯೋಜನ ಇಲ್ಲದ ಹಾಗಿದೆ. ವಾಂತಿ ನಿಲ್ಲಿಸಲು ಕೊಡುವ ಇಂಜೆಕ್ಷನ್. ಅಡ್ಡ ಪರಿಣಾಮದಲ್ಲಿ ಎಕ್ಸ್‌ಟ್ರಾಪಿರಮಿಡಲ್ ಲಕ್ಷಣಗಳು ಅಂತ ಒಂದು ಪದ ಹಾಕಿ ಮುಂದೆ ಹೋಗಿದ್ದಾರೆ. ಎರಡನೇ ವರ್ಷದ ಹುಡುಗಿಗೆ ಅದು ಕಣ್ಣಿಗೆ ಕಟ್ಟುವುದು ಹೇಗೆ? ನಮ್ಮ ವಾರ್ಡಿನಲ್ಲಿ ಒಂದು ಸಂಜೆ ಕಂಡದ್ದನ್ನು ಹೇಳುತ್ತೇನೆ. ವಾಂತಿಗೆ ಅಂತ ಸೇರಿ ಈ ಇಂಜೆಕ್ಷನ್ ತೆಗೆದುಕೊಂಡಿದ್ದ ಕಾಲೇಜು ವಯಸ್ಸಿನ ಹುಡುಗಿ. ಕತ್ತು ಒಂದು ಬದಿಗೆ ತಿರುಚಿ ಹಾಗೇ ನಿಂತಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು ಬಿಳಿ ಮಾತ್ರ ಕಾಣುತ್ತಿತ್ತು. ದವಡೆ ಬಿಗಿದು ಮಾತು ತೊದಲುತ್ತಿತ್ತು. ತಾಯಿ ಮಂಚದ ಕಂಬಿ ಹಿಡಿದು ಅಳುತ್ತಿದ್ದರು, ಜೊತೆಗಿದ್ದ ಅಜ್ಜಿ ಆಗಲೇ ಊರ ದೈವಕ್ಕೆ ಹರಕೆ ಹೇಳಿಕೊಂಡಾಗಿತ್ತು. ಪಕ್ಕದ ಮಂಚದವರು ಅಪಸ್ಮಾರ ಅಂದರು, ಕೈಗೆ ಕಬ್ಬಿಣ ಕೊಡಿ ಅಂದರು. ಆದರೆ ಹುಡುಗಿಗೆ ಪ್ರಜ್ಞೆ ಪೂರ್ತಿ ಇತ್ತು. ಹೆಸರು ಕರೆದರೆ ಓಗೊಡುತ್ತಿದ್ದಳು, ನನ್ನ ಕೈ ಹಿಡಿ ಅಂದರೆ ಹಿಡಿಯುತ್ತಿದ್ದಳು, ಕಣ್ಣಂಚಿನಲ್ಲಿ ನೀರು ಇಳಿಯುತ್ತಿತ್ತು. ಡಾಕ್ಟರು ಬಂದು ಕೇಸ್ ಶೀಟ್ ನೋಡಿ ಪ್ರೊಮೆಥಜಿನ್ ಇಂಜೆಕ್ಷನ್ ಬರೆದರು. ಸ್ವಲ್ಪ ಹೊತ್ತಿಗೆ ಕತ್ತು ಸಡಿಲವಾಯಿತು, ಕಣ್ಣು ಕೆಳಗೆ ಬಂತು, ನೀರು ಕೇಳಿದಳು. ಇದು ಮಕ್ಕಳಲ್ಲಿ, ಹರೆಯದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಜಾಸ್ತಿ ಕಾಣುವ ಪರಿಣಾಮ. ಆ ಕಾರ್ಡಿನ ಕೆಂಪು ಪಟ್ಟಿಯಲ್ಲಿ ಇರಬೇಕಾದದ್ದು ಕತ್ತು, ಕಣ್ಣು, ದವಡೆ, ಪ್ರಜ್ಞೆ ಇರುತ್ತದೆ ಅನ್ನುವ ಮಾತು. ಅಕ್ಕನ ಮಗಳ ಕಾರ್ಡಿನಲ್ಲಿ ಈಗ ಅದು ಇದೆ, ನನ್ನ ಕೈಬರಹದಲ್ಲಿ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಕಾರ್ಡಿನಲ್ಲಿ ಹಸಿರು ಸೊಪ್ಪು ತಿನ್ನಬಾರದು ಅಂತ ಖಡಾಖಂಡಿತವಾಗಿ ಬರೆದಿದ್ದಾರೆ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ನಮ್ಮ ಕಡೆ ಅಂಗಳದಲ್ಲೇ ಬಸಳೆ ಚಪ್ಪರ, ಹಿತ್ತಿಲಲ್ಲಿ ನುಗ್ಗೆ, ಹರಿವೆ. ತಿನ್ನಬೇಡಿ ಅಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಸೊಪ್ಪಿನ ವಿಟಮಿನ್ ಕೆ ಔಷಧಿಗೆ ಎದುರಾಗಿ ಕೆಲಸ ಮಾಡುವುದು ನಿಜ. ಹಾಗಾಗಿ ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ, ಒಮ್ಮೆಲೇ ಜಾಸ್ತಿ ಮಾಡಬೇಡಿ, ಒಮ್ಮೆಲೇ ಬಿಡಬೇಡಿ ಅಂತ ಹೇಳಬೇಕು. ಡಾಕ್ಟರು ಐ.ಎನ್.ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನುವ ಪರೀಕ್ಷೆ) ನೋಡಿ ಡೋಸು ಹೊಂದಿಸುವುದು ಆ ಊಟದ ಮೇಲೆಯೇ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಡಾಂಬರಿನಂತೆ ಕಪ್ಪಾಗಿ ಅಂಟುವ ಮಲ, ಇವು ಕೆಂಪಿನಲ್ಲಿ ಇವೆ, ಸರಿ. ಆದರೆ ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ, ಅದು ಅಷ್ಟು ಅಂಟುವುದಿಲ್ಲ, ಕೊಳೆತ ವಾಸನೆ ಇರುವುದಿಲ್ಲ. ಎರಡು ಕಾರ್ಡುಗಳನ್ನೂ ಎದುರುಬದುರು ಇಟ್ಟು ಈ ವ್ಯತ್ಯಾಸ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಈ ಕಾರ್ಡುಗಳನ್ನು ಮಾಡಿದವರು ನಮ್ಮ ಕರಾವಳಿಯವರಲ್ಲ ಅನಿಸುತ್ತದೆ. ಅದು ತಪ್ಪಲ್ಲ, ಆದರೆ ಇಲ್ಲಿ ಕೆಲಸ ಮಾಡುವವರಿಗೆ ಕೆಲವು ವಿಷಯ ಬೇಕೇ ಬೇಕು.

ಡಾಕ್ಸಿಸೈಕ್ಲಿನ್ ಕಾರ್ಡು ಬರೀ ಸೋಂಕಿನ ಚಿಕಿತ್ಸೆಗೆ ನಿಂತುಹೋಗಿದೆ. ಕೇರಳದಲ್ಲಿ ಮಳೆಗಾಲ ಬಂತೆಂದರೆ ಇಲಿಜ್ವರ ತಡೆಯಲು ಕೆಸರು, ಕೊಳೆನೀರಿನಲ್ಲಿ ಕೆಲಸ ಮಾಡುವವರಿಗೆ ಆರೋಗ್ಯ ಇಲಾಖೆಯವರು ವಾರಕ್ಕೊಮ್ಮೆ 200 ಮಿ.ಗ್ರಾಂ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಗದ್ದೆಗೆ, ಅಡಿಕೆ ತೋಟಕ್ಕೆ ಇಳಿಯುವವರು ಅದನ್ನು ಖಾಲಿ ಹೊಟ್ಟೆಯಲ್ಲಿ ಒಂದು ಗುಟುಕು ನೀರಿನ ಜೊತೆ ನುಂಗಿ, ಅಥವಾ ರಾತ್ರಿ ನುಂಗಿ ಹಾಗೇ ಮಲಗಿ, ಮಾರನೇ ದಿನ ಎದೆ ಉರಿಯುತ್ತದೆ, ಅನ್ನ ಇಳಿಯುತ್ತಿಲ್ಲ ಅಂತ ಬರುತ್ತಾರೆ. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿ ಸುಟ್ಟಿರುತ್ತದೆ. ಗಂಜಿ ಉಂಡ ಮೇಲೆ, ತುಂಬಿದ ಲೋಟ ನೀರಿನ ಜೊತೆ, ಕೂತು ಅಥವಾ ನಿಂತು ನುಂಗಬೇಕು, ಆಮೇಲೆ ಅರ್ಧ ಗಂಟೆಯಾದರೂ ಮಲಗಬಾರದು. ಅದರ ಜೊತೆಗೇ ಕಬ್ಬಿಣದ ಮಾತ್ರೆ, ಆಸಿಡಿಟಿಯ ಮಾತ್ರೆ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಡಾಕ್ಟರು ಬೇರೆ ದಾರಿ ನೋಡುತ್ತಾರೆ. ಇಷ್ಟೂ ಹಸಿರು ಪಟ್ಟಿಯಲ್ಲಿ ಬರಬೇಕಿತ್ತು.

ಎಳನೀರಿನ ಮಾತು ಯಾವ ಕಾರ್ಡಿನಲ್ಲೂ ಇಲ್ಲ. ರೋಗಿಯನ್ನು ನೋಡಲು ಬರುವವರು ತರುವುದೇ ಎಳನೀರು. ಅದರಲ್ಲಿ ಪೊಟ್ಯಾಸಿಯಂ ಹೇರಳ. ಆರೋಗ್ಯವಂತರಿಗೆ ಒಳ್ಳೆಯದೇ. ಆದರೆ ಕಿಡ್ನಿ ಸೋತವರು, ಅದರಲ್ಲೂ ಪೊಟ್ಯಾಸಿಯಂ ಹಿಡಿದಿಡುವ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ತಿನ್ನುವವರು ಕುಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಲಯ ತಪ್ಪಬಹುದು. ಮಂಚದ ಕೆಳಗೆ ಎಳನೀರು ಕಂಡರೆ ಮೊದಲು ಕೇಸ್ ಶೀಟ್ ನೋಡು ಅಂತ ನಾನು ಹೊಸಬರಿಗೆಲ್ಲ ಹೇಳುತ್ತೇನೆ.

ಸಕ್ಕರೆ ಕಾಯಿಲೆಯ ಮಾತ್ರೆ ಗ್ಲಿಮೆಪಿರೈಡ್ ಕಾರ್ಡಿನಲ್ಲಿ ಶುಗರ್ ಇಳಿಯುವುದರ ಬಗ್ಗೆ ಇದೆ: ಬೆವರು, ನಡುಕ, ಎದೆಬಡಿತ, ಮಾತಿನಲ್ಲಿ ಗೊಂದಲ. 70ಕ್ಕಿಂತ ಕೆಳಗಿದ್ದು ಪ್ರಜ್ಞೆ ಇದ್ದರೆ 15 ಗ್ರಾಂ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಇಲ್ಲದಿರುವುದು ಎರಡು. ಒಂದು, ಈ ಮಾತ್ರೆಯ ಕೆಲಸ ತುಂಬಾ ಹೊತ್ತು ಇರುತ್ತದೆ, ಸಕ್ಕರೆ ನೀರು ಕುಡಿದು ಚೇತರಿಸಿದ ಮೇಲೂ ಶುಗರ್ ಮತ್ತೆ ಇಳಿಯಬಹುದು, ಅದರಲ್ಲೂ ವಯಸ್ಸಾದವರಲ್ಲಿ, ಕಿಡ್ನಿ ತೊಂದರೆ ಇರುವವರಲ್ಲಿ. ಆದ್ದರಿಂದ ಸರಿಯಾಯ್ತಲ್ಲ ಅಂತ ಮನೆಗೆ ಕಳಿಸುವ ಹಾಗಿಲ್ಲ. ಎರಡು, ಉಪವಾಸ. ರಂಜಾನ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಯಾವ ವಾರ್ಡಿಗೆ ಹೋದರೂ ಈ ಪ್ರಶ್ನೆ ಬರುತ್ತದೆ. "ಮಾತ್ರೆ ಬೆಳಿಗ್ಗೆಯದ್ದು, ಈಗ ಏನು ಮಾಡುವುದು?" ಅಂತ ಕೇಳುವ ಇಚ್ಚನಿಗೆ, ಅಂದರೆ ಮುಸ್ಲಿಂ ಹಿರಿಯರಿಗೆ, ಸುಮ್ನೆ ಉಪವಾಸ ಮಾಡಬೇಡಿ ಅಂದರೆ ಅವರು ನಾಳೆಯಿಂದ ನಮ್ಮನ್ನು ಕೇಳುವುದೇ ಇಲ್ಲ. ತಿಂಗಳು ಶುರುವಾಗುವ ಮೊದಲೇ ಡಾಕ್ಟರ ಹತ್ತಿರ ಹೋಗಿ ಹೊತ್ತು, ಡೋಸು ಬದಲಿಸಿಕೊಳ್ಳಿ, ಶುಗರ್ ಇಳಿದ ಗುರುತು ಕಂಡರೆ ಉಪವಾಸ ಮುರಿಯಿರಿ ಅಂತ ಹೇಳಬೇಕು. ಏಕಾದಶಿ ಮಾಡುವ ಅಜ್ಜಿಯರಿಗೂ ಇದೇ ಮಾತು. ಎದೆಬಡಿತ ತಗ್ಗಿಸುವ ಪ್ರೊಪ್ರನಲಾಲ್‌ನಂಥ ಮಾತ್ರೆ ತಿನ್ನುವವರಿಗೆ ನಡುಕ, ಎದೆಬಡಿತ ಕಾಣದೇ ಹೋಗಬಹುದು, ಬೆವರು ಮಾತ್ರ ಉಳಿಯುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ.

ಮೆಟ್ರೊನಿಡಜೋಲ್ ಕಾರ್ಡಿನಲ್ಲಿ ಮದ್ಯ ಬೇಡ ಅಂತ ಇದೆ. ಶೇಂದಿ ಅಂತ ಬಾಯಿ ಬಿಟ್ಟು ಹೇಳಬೇಕು, ಕಳ್ಳು ಮದ್ಯವೇ ಅಲ್ಲ ಅಂದುಕೊಂಡವರು ಬಹಳ ಜನ. ಮುಖ ಕೆಂಪಾಗಿ, ತಲೆ ಸಿಡಿದು, ವಾಂತಿ ಹತ್ತಿಕೊಂಡ ಮೇಲೆ ಹೇಳಿ ಏನು ಫಲ.

ಇನ್ಸುಲಿನ್ ಕಾರ್ಡಿನಲ್ಲಿ ಸರಿಯಾದ ಸಿರಿಂಜ್ ಬಳಸಿ ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ನಮ್ಮಲ್ಲಿ ಒಂದು ಮಿ.ಲೀಗೆ 40 ಯೂನಿಟ್ ಇರುವ ಬಾಟಲಿಯೂ ಇದೆ, 100 ಯೂನಿಟ್ ಇರುವುದೂ ಇದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧಿ ಹೋಗುತ್ತದೆ. ಇದಕ್ಕಿಂತ ದೊಡ್ಡ ವಿಷಯ ಆ ಕಾರ್ಡಿನಲ್ಲಿ ಇನ್ನೇನಿದೆ?

ಇಲ್ಲದ ಕಾರ್ಡುಗಳ ಬಗ್ಗೆಯೂ ಹೇಳಬೇಕು. ಪೊಟ್ಯಾಸಿಯಂ ಕ್ಲೋರೈಡ್ ಇಲ್ಲ. ಅದನ್ನು ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ, ಯಾವಾಗಲೂ ಡ್ರಿಪ್ಸಿನಲ್ಲಿ ಬೆರೆಸಿ ನಿಧಾನ ಕೊಡಬೇಕು. ಮೆಗ್ನೀಸಿಯಂ ಸಲ್ಫೇಟ್ ಇಲ್ಲ. ಬಿ.ಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಕೊಡುವ ಔಷಧಿ, ಹೆರಿಗೆ ವಾರ್ಡಿನ ಪೋಸ್ಟಿಂಗಿನಲ್ಲಿ ಮೊದಲು ಕೇಳುವ ಪ್ರಶ್ನೆ. ಪ್ರತಿ ಡೋಸಿಗೆ ಮೊದಲು ಮಂಡಿಯ ಪ್ರತಿಕ್ರಿಯೆ, ನಿಮಿಷಕ್ಕೆ ಉಸಿರು 16ಕ್ಕೆ ಕಡಿಮೆ ಇಲ್ಲದಿರುವುದು, ಗಂಟೆಗೆ ಕನಿಷ್ಠ 30 ಮಿ.ಲೀ ಮೂತ್ರ, ಇವು ಮೂರೂ ನೋಡಬೇಕು. ಪಕ್ಕದಲ್ಲೇ ಅದರ ಪ್ರತಿವಿಷ ಕ್ಯಾಲ್ಸಿಯಂ ಗ್ಲುಕೊನೇಟ್ ಸಿದ್ಧ ಇರಬೇಕು. ಈ ಎರಡನ್ನು ಬಿಟ್ಟು ಮೂರು ತರದ ಆ್ಯಂಟಾಸಿಡ್‌ಗೆ ಮೂರು ಕಾರ್ಡು ಯಾಕೆ ಕೊಟ್ಟರೋ ತಿಳಿಯಲಿಲ್ಲ.

ಅಡ್ಡ ಪರಿಣಾಮ ಕಂಡರೆ ವರದಿ ಮಾಡಬೇಕು ಅನ್ನುವ ಸೊಲ್ಲೂ ಪೆಟ್ಟಿಗೆಯಲ್ಲಿಲ್ಲ. ನಮ್ಮ ದೇಶದಲ್ಲಿ 2010ರಿಂದ ಇದಕ್ಕೆ ಸರ್ಕಾರದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಇದೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ಡಾಕ್ಟರೇ ಬರೆಯಬೇಕು ಅಂತಿಲ್ಲ, ನರ್ಸೂ ಬರೆಯಬಹುದು, ರೋಗಿಯೂ ಹೇಳಬಹುದು. 1800-180-3024 ಅಂತ ಉಚಿತ ನಂಬರೂ ಇದೆ. ಮೈಮೇಲೆ ದದ್ದು ಎದ್ದದ್ದನ್ನು ಮೊದಲು ಕಾಣುವುದು ಮಂಚದ ಪಕ್ಕ ನಿಂತ ನಾವೇ ಅಲ್ವಾ? ಇದಕ್ಕೊಂದು ಕಾರ್ಡು ಬೇಕಿತ್ತು.

ಕಾರ್ಡುಗಳ ಕ್ರಮದ ಬಗ್ಗೆ ಒಂದು ಮಾತು. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿದ್ದಾರೆ. ರಿಂಗು ಬಿಚ್ಚಿ ಗುಂಪು ಮಾಡಿಕೊಳ್ಳಿ: ಬಿ.ಪಿ, ಶುಗರ್, ನೋವು, ಸೋಂಕು, ಹೃದಯ. ನಾವು ರಜೆಯ ದಿನ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಹೀಗೆ ಆಡುತ್ತೇವೆ. ನಾನು ರೋಗಿಯಾಗಿ ಒಂದು ತೊಂದರೆ ಹೇಳುತ್ತೇನೆ. "ಮಗಾ, ಎಂತ ತಿಂದರೂ ಬಾಯಿ ಕಬ್ಬಿಣದ ಹಾಗೆ" ಅಂದರೆ ಅವಳು ಯಾವ ಔಷಧಿಗಳು ಇರಬಹುದು ಅಂತ ಕಾರ್ಡು ಎತ್ತಬೇಕು. ಮೆಟ್‌ಫಾರ್ಮಿನ್ ಎತ್ತುತ್ತಾಳೆ, ಮೆಟ್ರೊನಿಡಜೋಲ್ ಎತ್ತುತ್ತಾಳೆ. ಆಮೇಲೆ ನನಗೆ ಏನು ಹೇಳುತ್ತೀ ಅಂತ ಕೇಳುತ್ತೇನೆ. ಔಷಧಿಯಿಂದ ಪರಿಣಾಮಕ್ಕೆ ಹೋಗುವುದು ಪರೀಕ್ಷೆಯ ದಾರಿ, ಪರಿಣಾಮದಿಂದ ಔಷಧಿಗೆ ಬರುವುದು ವಾರ್ಡಿನ ದಾರಿ. ಎರಡೂ ಬರಬೇಕು. "ಚಿಕ್ಕಮ್ಮಾ, ಈಗ ಟ್ರೇ ಹಿಡಿದು ಹೋಗುವಾಗ ಯಾರಿಗೆ ಏನು ಕೇಳಬೇಕು ಅಂತ ಗೊತ್ತಾಗ್ತದೆ" ಅಂದಳು ಮೊನ್ನೆ. ನಾನು ಕೊಟ್ಟ ದುಡ್ಡು ಅಲ್ಲಿಗೆ ಬಂತು.

ಕಂಪನಿ ಹೆಸರುಗಳನ್ನು ಕೊಡದಿರುವುದು ಇನ್ನೊಂದು ಕೊರತೆ. ರೋಗಿಗಳು ಮನೆಯಿಂದ ತರುವ ಮಾತ್ರೆಯ ಹಾಳೆಯ ಮೇಲೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು, ಒಳಗಿನ ಔಷಧಿಯ ಹೆಸರು ಚಿಕ್ಕ ಅಕ್ಷರದಲ್ಲಿ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ, ಎರಡು ಹೆಸರಿನಲ್ಲಿ ಒಂದೇ ಔಷಧಿ ಎರಡು ಸಲ ತಿನ್ನುವವರು ಹಾಗೆಯೇ ಸಿಕ್ಕಿಬೀಳುತ್ತಾರೆ.

ಯಾರು ಕೊಳ್ಳಬೇಕು ಅಂದರೆ, ಮೂರನೇ ಸೆಮಿಸ್ಟರಿಗೆ ಕಾಲಿಡುವವರು, ಕನ್ನಡ ಮಾಧ್ಯಮದಿಂದ ಬಂದವರು, ಜಿ.ಎನ್.ಎಂ (ನರ್ಸಿಂಗ್ ಡಿಪ್ಲೊಮಾ) ಮಕ್ಕಳು. ಕೊನೆಯ ವರ್ಷದವರಿಗೆ ಇದು ಸಾಲದು. ಪಠ್ಯಪುಸ್ತಕ ಬಿಟ್ಟು ಇದನ್ನೇ ಓದುತ್ತೇನೆ ಅಂದರೆ ಖಂಡಿತ ಬೇಡ. ಡೋಸು ಕೊಡುವಾಗ ನೋಡಬೇಕಾದದ್ದು ಡಾಕ್ಟರ ಆರ್ಡರು, ಕಾರ್ಡಲ್ಲ. ಮಂಗಳೂರಿನ ಮೆಡಿಕಲ್ ಪುಸ್ತಕದ ಅಂಗಡಿಗಳಲ್ಲಿ ಕೇಳಿ, ನನಗೆ ಕೊರಿಯರಿನಲ್ಲಿ ಬಂತು, ಪೆಟ್ಟಿಗೆ ಒಂದು ಮೂಲೆ ಜಜ್ಜಿತ್ತು, ಕಾರ್ಡಿಗೆ ಏನೂ ಆಗಿರಲಿಲ್ಲ. ಐದರಲ್ಲಿ ಮೂರೂವರೆ ಕೊಡುತ್ತೇನೆ. ಅಂಗಡಿಯಲ್ಲಿ ಕೊಳ್ಳುವವರು ದುಡ್ಡು ಕೊಡುವ ಮೊದಲು ಡಿಗಾಕ್ಸಿನ್ ಕಾರ್ಡಿನ ಹಿಂಬದಿ ತಿರುಗಿಸಿ ನೋಡಿ. 60ಕ್ಕಿಂತ ಹೆಚ್ಚು ಅಂತ ಇದ್ದರೆ ಹಳೆಯ ಮುದ್ರಣ. ಅದೊಂದೇ ಉಳಿದಿದ್ದರೆ ತೆಗೆದುಕೊಂಡು, ಅಲ್ಲೇ ಕೌಂಟರಿನ ಪೆನ್ನು ಕೇಳಿ ತಿದ್ದಿ, ಅಂಗಡಿಯವರಿಗೂ ತೋರಿಸಿ ಬನ್ನಿ.